ಮಧ್ಯದ ಪ್ಲಗ್ಗು

"ಗಾಡಿ ಮತ್ತೆ ಮಿಸ್ಸಿಂಗ್ ಹೊಡೀತಾ ಇದೆ ಕಣೋ" ಅಂತ ಅಪ್ಪ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. 2024ರ ಜುಲೈ. ತೀರ್ಥಹಳ್ಳಿ ಕಡೆ ಜಡಿಮಳೆ. "ಚೋಕ್ ಎಳೆದು ಹಾಗೇ ಬಿಟ್ಟಿರ್ತೀಯ, ನೋಡು" ಅಂದೆ. ನೋಡದೇ, ಕೇಳದೇ ತೀರ್ಪು!

ಅಪ್ಪನದು 1998ರ ಮಾರುತಿ 800. ನನಗಿಂತ ಒಂದು ವರ್ಷ ಚಿಕ್ಕದು. 796 ಸಿಸಿ, ಮೂರು ಸಿಲಿಂಡರ್, ಕಾರ್ಬೊರೇಟರ್. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ, ಹಾಗಾಗಿ ಲ್ಯಾಪ್‌ಟಾಪ್ ಸಿಕ್ಕಿಸಿ ಎರರ್ ಕೋಡ್ ಓದುವ ಭಾಗ್ಯವೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಡಗಡ ನಡುಗುತ್ತಿತ್ತು. ಏರು ಬಂದರೆ ಎಳೆಯುತ್ತಿರಲಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಿಂದ ಢಬ್! ಸಂತೆಯ ದಿನ ಪೇಟೆಯ ಮಧ್ಯೆಯೇ ಹಾಗೆ ಹೊಡೆದು, ನಾಲ್ಕು ಜನ ನಕ್ಕರಂತೆ.

ಮೆಕ್ಯಾನಿಕ್ ಒಂದು ಪ್ಲಗ್ ಬಿಚ್ಚಿ, ಮಸಿ ಹಿಡಿದಿದೆ ಅಂತ ಹೊಸದು ಹಾಕಿದ. ಮೂರು ವಾರ ಗಾಡಿ ಬೆಣ್ಣೆಯ ಹಾಗೆ ಓಡಿತು. ಮತ್ತೆ ಢಬ್. ಮತ್ತೊಂದು ಪ್ಲಗ್. ಮೂರನೇ ಸಲ ಅವನೂ "ಯಜಮಾನ್ರು ಚೋಕ್ ಎಳ್ಕೊಂಡೇ ಓಡಿಸ್ತಾರೆ" ಅಂದುಬಿಟ್ಟ. ಚೋಕ್ ಎಳೆದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಸುಡದೇ ಉಳಿದದ್ದು ಬಿಸಿ ಸೈಲೆನ್ಸರಿನಲ್ಲಿ ಹೋಗಿ ಸಿಡಿಯುತ್ತದೆ. ಪುಸ್ತಕದ ಪ್ರಕಾರ ನೂರಕ್ಕೆ ನೂರು ಸರಿ. ನಮ್ಮ ಸಾಫ್ಟ್‌ವೇರ್ ಮಂದಿ ಇದನ್ನೇ 'ಯೂಸರ್ ಎರರ್' ಅಂತ ಕರೆದು ಟಿಕೆಟ್ ಕ್ಲೋಸ್ ಮಾಡಿ ಊಟಕ್ಕೆ ಹೋಗುತ್ತೇವೆ :-)

ಆಮೇಲೆ ಅಪ್ಪ ಗಾಡಿಯ ಸುದ್ದಿಯನ್ನೇ ಎತ್ತಲಿಲ್ಲ. ಸರಿಹೋಗಿರಬೇಕು ಅಂದುಕೊಂಡೆ. ಚೌತಿಗೆ ಊರಿಗೆ ಹೋದಾಗ ಅಮ್ಮ ಹೇಳಿದಳು, ಒಂದು ತಿಂಗಳಿಂದ ಅಪ್ಪ ಕಾರು ಮುಟ್ಟಿಲ್ಲ ಅಂತ. ಮಂಡಿನೋವಿನ ಅಮ್ಮ ಶಿವಮೊಗ್ಗದ ಡಾಕ್ಟರ ಹತ್ತಿರ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬರುತ್ತಿದ್ದಾಳೆ. "ವಯಸ್ಸಾಯ್ತು, ಚೋಕ್ ಹಾಕಿದ್ದೂ ನೆನಪಿರಲ್ಲ, ಮಾರಿಬಿಡೋಣ" ಅಂದನಂತೆ ಅಪ್ಪ. ನನಗೆ ಕಡುಬು ಗಂಟಲಲ್ಲಿ ಇಳಿಯಲಿಲ್ಲ.

ಊಟವಾದ ಮೇಲೆ ಬಾನೆಟ್ ಎತ್ತಿದೆ. ಅಪ್ಪ ಒಳಗಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದ. ಸೊಸೈಟಿಯಲ್ಲಿ 30 ವರ್ಷ ಲೆಕ್ಕ ಬರೆದ ಮನುಷ್ಯ, ಏನನ್ನೂ ಎಸೆಯುವುದಿಲ್ಲ. ಡಬ್ಬಿಯಲ್ಲಿ ನಾಲ್ಕು ಹಳೇ ಪ್ಲಗ್ಗು. ಒಂದೊಂದನ್ನೂ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ ಮೇಲೆ ಬರೆದಿದ್ದ: ತಾರೀಕು, ಮತ್ತು 'ಮಧ್ಯದ್ದು'. ನಾಲ್ಕರ ಮೇಲೂ 'ಮಧ್ಯದ್ದು'.

ಮೂರು ಸಿಲಿಂಡರಿಗೂ ಪೆಟ್ರೋಲ್ ಹೋಗುವುದು ಒಂದೇ ಕಾರ್ಬೊರೇಟರಿನಿಂದ. ಚೋಕ್ ಕಾರಣವಾಗಿದ್ದರೆ ಮೂರೂ ಕಪ್ಪಾಗಬೇಕಿತ್ತು. ಅಕ್ಕಪಕ್ಕದ ಎರಡನ್ನು ಬಿಚ್ಚಿ ನೋಡಿದೆ. ಆರೋಗ್ಯವಾದ ತಿಳಿಕಂದು ಬಣ್ಣ! ಲಾಗ್ ಫೈಲ್ ಮೊದಲಿಂದಲೂ ಇತ್ತು ಮಾರಾಯ್ರೇ, ಓದಿದವರಿಲ್ಲ.

ಮಸಿ ಒಣಗಿತ್ತು, ಎಣ್ಣೆಯ ಜಿಡ್ಡಿರಲಿಲ್ಲ. ಹಾಗಾಗಿ ಪಿಸ್ಟನ್ ರಿಂಗ್ ಮೇಲೆ ಅನುಮಾನ ಬರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಶುರು ಮಾಡಿದೆ. ಮೊದಲನೆಯದರ ಪ್ಲಗ್ ಎರಡನೆಯದಕ್ಕೆ ಹಾಕಿ ಓಡಿಸಿದೆ. ಮತ್ತೆ ಮಧ್ಯದ್ದೇ ಕಪ್ಪು. ಪ್ಲಗ್ ವೈರು ಅದಲುಬದಲು ಮಾಡಿದೆ. ಆಗಲೂ ಮಧ್ಯದ್ದೇ. ಹಿಂದಕ್ಕೆ ಹೋಗುತ್ತಾ ಹೋದರೆ ಉಳಿದದ್ದು ಡಿಸ್ಟ್ರಿಬ್ಯೂಟರ್ ಕ್ಯಾಪ್, ಅಂದರೆ ಮೂರು ಪ್ಲಗ್ಗಿಗೂ ಸರದಿಯಂತೆ ಕರೆಂಟ್ ಹಂಚುವ ಡಬ್ಬಿಯ ಮುಚ್ಚಳ.

ಕತ್ತಲಾಗುವವರೆಗೆ ಕಾದೆವು. ಲೈಟ್ ಆರಿಸಿ, ಎಂಜಿನ್ ಓಡುತ್ತಿರುವಾಗ ಅಮ್ಮ ಗುಲಾಬಿ ಗಿಡಕ್ಕೆ ಹೊಡೆಯುವ ಸ್ಪ್ರೇಯಿಂದ ದೂರ ನಿಂತು ಒಂಚೂರು ನೀರು ಸಿಂಪಡಿಸಿದೆ. (ಮುಟ್ಟಬೇಡಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.) ಕ್ಯಾಪಿನ ಮೈಮೇಲೆ ನೀಲಿ ಎಳೆಯೊಂದು ಹರಿದಾಡಿತು. ಎಂಜಿನ್ ನಡುಗಿತು, ಸೈಲೆನ್ಸರಿನಿಂದ ಢಬ್! ಅಷ್ಟು ಖುಷಿ ಕೊಟ್ಟ ಢಬ್ ಇನ್ನೊಂದಿಲ್ಲ.

ಎಂಜಿನ್ ನಿಲ್ಲಿಸಿ ಕ್ಯಾಪ್ ಬಿಚ್ಚಿದೆವು. ಅಪ್ಪ ಪೇಪರ್ ಓದುವ ಭೂತಗನ್ನಡಿ ತಂದು ಟಾರ್ಚ್ ಹಿಡಿದ. "ಇಲ್ಲೊಂದು ಗೆರೆ ಇದೆ ನೋಡೋ." ಎರಡನೇ ಕಂಬದಿಂದ ಪಕ್ಕದ್ದಕ್ಕೆ, ಪೆನ್ಸಿಲ್ಲಿನಲ್ಲಿ ಎಳೆದಂತೆ ಸಣ್ಣ ಕಪ್ಪು ಬಿರುಕು. ಅದರೊಳಗೆ ಕೂತ ಇದ್ದಿಲಿಗೆ ತೇವ ತಾಗಿದರೆ ಸಾಕು, ಕರೆಂಟಿಗೆ ಅಡ್ಡದಾರಿ ಸಿಕ್ಕಿತು. ಮಧ್ಯದ ಸಿಲಿಂಡರಿಗೆ ಆಗಾಗ ಕಿಡಿಯೇ ಇಲ್ಲ. ಸುಡದ ಪೆಟ್ರೋಲ್ ಪ್ಲಗ್ಗಿಗೆ ಮಸಿ ಹಿಡಿಸುತ್ತದೆ, ಮಸಿ ಹಿಡಿದ ಪ್ಲಗ್ಗು ಇನ್ನಷ್ಟು ಕಿಡಿ ತಪ್ಪಿಸುತ್ತದೆ. ಹೊಸ ಪ್ಲಗ್ಗಿನಲ್ಲಿ ಕಿಡಿ ಸುಲಭವಾಗಿ ಹಾರುವುದರಿಂದ ಕೆಲವು ವಾರ ಎಲ್ಲಾ ಸರಿ. ನಮ್ಮನ್ನೆಲ್ಲ ಮೋಸ ಮಾಡಿದ್ದು ಆ ಕೆಲವು ವಾರಗಳೇ.

ಮರುದಿನ ತೀರ್ಥಹಳ್ಳಿಯಲ್ಲಿ ಹೊಸ ಕ್ಯಾಪ್ ಸಿಕ್ಕಿತು. ನಾವು ಬೆಂಗಳೂರಲ್ಲಿ ಒಂದು ಪಿಜ್ಜಾಕ್ಕೆ ಕೊಡುವಷ್ಟೂ ಆಗಲಿಲ್ಲ. ಹಾಕಿದ ಮೇಲೆ ಅಪ್ಪ ಹಳೇ ಕ್ಯಾಪನ್ನು ಒರೆಸಿ, ಹಾಳೆಯಲ್ಲಿ ಸುತ್ತಿ, ತಾರೀಕು ಬರೆದು ಡಬ್ಬಿಗೆ ಸೇರಿಸಿದ.

"ಹಾಗಾದ್ರೆ ಚೋಕ್ ಅಲ್ಲ?" ಅಂದ, ನನ್ನ ಮುಖ ನೋಡದೆ.

"ಚೋಕ್ ಅಲ್ಲ ಅಪ್ಪ. ನಾನು ಸುಮ್ನೆ ಹೇಳಿದ್ದು."

"ಹ್ಞೂಂ" ಅಂದವನು ಒಳಗೆ ನೋಡಿ ಕೂಗಿದ. "ಏಯ್, ಶಿವಮೊಗ್ಗಕ್ಕೆ ಯಾವತ್ತು ಹೋಗೋದಿತ್ತು?"