ಸಾಹೇಬರ ಊಟ

ಪತ್ತೇದಾರಿ ಕಾದಂಬರಿಯ ಕೊಲೆಗಾರ ಯಾರೆಂದು ಯಾರಾದರೂ ಮೊದಲೇ ಬಾಯಿಬಿಟ್ಟರೂ ನನಗೆ ಅಂಥ ಸಿಟ್ಟೇನೂ ಬರುವುದಿಲ್ಲ. ತನಿಖೆಗೆ ಹೋದ ಇನ್‌ಸ್ಪೆಕ್ಟರು ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಿದ, ಬಾಗಿಲು ತೆಗೆದವರು ಯಾರು, ಆರಿಹೋದ ಸಾರನ್ನು ಮತ್ತೆ ಬಿಸಿಮಾಡಿದರೋ ಇಲ್ಲವೋ ಎಂಬುದನ್ನು ಬರೆಯದೆ ಬಿಟ್ಟರೆ ಮಾತ್ರ ಲೇಖಕನ ಮೇಲೇ ಅನುಮಾನ ಹುಟ್ಟುತ್ತದೆ. ಪೊಲೀಸ್ ಕ್ವಾರ್ಟರ್ಸಿನಲ್ಲಿ ಬೆಳೆದವರ ಚಾಳಿ ಇದು.

ಹಾಸನದ ಕಡೆಯ ತಾಲ್ಲೂಕು ಊರೊಂದರಲ್ಲಿ ಅಪ್ಪ ಸಬ್‌ಇನ್‌ಸ್ಪೆಕ್ಟರ್ ಆಗಿದ್ದ ಕಾಲಕ್ಕೆ ನಮ್ಮನೆಗೆ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪುಸ್ತಕಗಳು ಬರುತ್ತಿದ್ದವು. ಕನ್ನಡದ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ, ಅವರವೂ ಬರುತ್ತಿದ್ದವು. ಓದುತ್ತಿದ್ದುದು ಅಮ್ಮ ಮತ್ತು ನಾನು. ಅಪ್ಪ ಎರಡು ಪುಟ ತಿರುವಿ, "ಎಫ್‌ಐಆರ್ ಇಲ್ಲ, ಮಹಜರಿಲ್ಲ, ಇವನ್ಯಾವ ಸೀಮೆ ಪತ್ತೇದಾರ!" ಎಂದು ಮಂಚದ ಮೇಲೆ ಎಸೆಯುತ್ತಿದ್ದರು. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಉಸಿರು ಬಿಗಿಹಿಡಿದು ಓದಿದ್ದೇನೆ. ಅವನಿಗೆ ಯಾರು ಅಡುಗೆ ಮಾಡಿಹಾಕುತ್ತಿದ್ದರೆಂಬುದು ಮಾತ್ರ ಒಂದಿಷ್ಟೂ ನೆನಪಿಲ್ಲ.

ಕಾಲೇಜಿನಲ್ಲಿ ಕೈಗೆ ಸಿಕ್ಕವನು ಮೇಗ್ರೆ. ಬೆಲ್ಜಿಯಂನ ಲಿಯೇಜ್ ಊರಿನಲ್ಲಿ 1903ರಲ್ಲಿ ಹುಟ್ಟಿದ ಜಾರ್ಜ್ ಸಿಮೆನಾನ್ ಈ ಪ್ಯಾರಿಸ್ ಪೊಲೀಸ್ ಅಧಿಕಾರಿಯನ್ನು ಓದುಗರ ಮುಂದೆ ತಂದದ್ದು 1931ರ ಫೆಬ್ರವರಿಯಲ್ಲಿ, ದೊಡ್ಡದೊಂದು ನೃತ್ಯಕೂಟ ಏರ್ಪಡಿಸಿ. ಬಂದ ಅತಿಥಿಗಳಿಗೆಲ್ಲ ಬಾಗಿಲಲ್ಲೇ ಬೆರಳಚ್ಚು ತೆಗೆದು ಒಳಗೆ ಬಿಟ್ಟರಂತೆ. ಅಲ್ಲಿಂದ 1972ರವರೆಗೆ 75 ಕಾದಂಬರಿ, 28 ಕಥೆ. ಪೈಪು, ದಪ್ಪ ಓವರ್‌ಕೋಟು, ವಿಚಾರಣೆ ರಾತ್ರಿಯಿಡೀ ಎಳೆದರೆ ಹತ್ತಿರದ ಬ್ರಾಸರಿಯಿಂದ ಕಚೇರಿಗೇ ಬರುವ ಬಿಯರು, ಸ್ಯಾಂಡ್‌ವಿಚ್ಚು. ಇವನ್ನೆಲ್ಲ ಎಲ್ಲರೂ ಬಲ್ಲರು. ನನ್ನನ್ನು ಹಿಡಿದು ನಿಲ್ಲಿಸಿದ್ದು ರಿಷಾರ್ ಲೆನ್ವಾರ್ ಬುಲ್ವಾರಿನ 132ನೇ ನಂಬರಿನ ಮನೆ. ಗಂಡ ಮೆಟ್ಟಿಲು ಹತ್ತುವ ಸಪ್ಪಳ ಕೇಳಿ, ಅವನು ಬೀಗದ ಕೈ ಹಾಕುವ ಮೊದಲೇ ಬಾಗಿಲು ತೆಗೆಯುವ ಹೆಂಗಸು ಅಲ್ಲಿದ್ದಳು. ಹೆಸರು ಲೂಯಿಸ್, ತವರು ಆಲ್ಸಾಸ್ ಪ್ರಾಂತ್ಯ. ನಮ್ಮ ಪಾಲಿಗೆ ಮದಾಮ್ ಮೇಗ್ರೆ.

ನಮ್ಮನೆಯಲ್ಲೂ ಹಾಗೇ. ಜೀಪು ತಿರುವಿನಲ್ಲಿ ಗೇರು ಬದಲಿಸುವ ಸದ್ದಿಗೇ ಅಮ್ಮ ಎದ್ದು ಕೂರುತ್ತಿದ್ದಳು. ಬೂಟಿನ ಸಪ್ಪಳ ಮುಂಬಾಗಿಲಿಗೆ ಬಂದರೆ ಸಾಮಾನ್ಯ ದಿನ, ತಟ್ಟೆ ಹಾಕಬಹುದು. ಸಪ್ಪಳ ಮನೆ ಸುತ್ತಿ ಹಿತ್ತಲಿಗೆ ಹೋದರೆ ಎಲ್ಲೋ ಹೆಣ ಬಿದ್ದಿದೆ ಎಂದರ್ಥ. ಆಗ ಅಮ್ಮ ಮಾತಿಲ್ಲದೆ ಹಂಡೆಗೆ ಉರಿ ಹಾಕಿ, ಟವೆಲು ಕೊಟ್ಟು, ಬಿಚ್ಚಿಟ್ಟ ಯೂನಿಫಾರಮ್ಮನ್ನು ಬೇರೆ ಬಕೆಟಿಗೆ ಅದ್ದುತ್ತಿದ್ದಳು. ಆ ರಾತ್ರಿ ಹುಳಿ, ಪಲ್ಯ ಯಾವುದೂ ಇಲ್ಲ. ಮಜ್ಜಿಗೆ ಅನ್ನ, ಉಪ್ಪಿನಕಾಯಿ. ಏನಾಯಿತೆಂದು ಕೇಳುತ್ತಿರಲಿಲ್ಲ. ಮರುದಿನ ಹಾಲಿನವನಿಂದಲೋ ಡ್ರೈವರನಿಂದಲೋ ಎಲ್ಲ ಗೊತ್ತಾಗಿಯೇ ಆಗುತ್ತಿತ್ತು.

ಸಿಮೆನಾನ್‌ನ ಒಂದು ಕಾದಂಬರಿಯಲ್ಲಿ ಮಾತ್ರ ಮದಾಮ್ ಮೇಗ್ರೆ ಒಲೆಯ ಮುಂದಿನಿಂದ ಎದ್ದು ಬೀದಿಗಿಳಿಯುತ್ತಾಳೆ. 1949ರ ಕೊನೆಯಲ್ಲಿ, ಅವನು ಅಮೆರಿಕದಲ್ಲಿದ್ದಾಗ ಬರೆದದ್ದು. ಹಲ್ಲಿನ ಡಾಕ್ಟರ ಬಳಿ ಹೋಗುವ ಮುನ್ನ ಆಕೆ ಆನ್ವೆರ್ ಚೌಕದ ಬೆಂಚಿನಲ್ಲಿ ಕೂರುತ್ತಾಳೆ. ಅಲ್ಲಿ ಪರಿಚಯವಾದ, ಬಿಳಿ ಟೋಪಿಯ ಹೆಂಗಸೊಬ್ಬಳು ತನ್ನ ಮಗುವನ್ನು ಇವಳ ವಶಕ್ಕೆ ಬಿಟ್ಟು ಮಾಯವಾಗುತ್ತಾಳೆ. ಮನೆಯಲ್ಲಿ ಒಲೆಯ ಮೇಲಿದ್ದ ಕೋಳಿ ಕರಕಲು, ಸಾಹೇಬರ ಹೊಟ್ಟೆ ತಾಳ. ಅತ್ತ ಮೇಗ್ರೆಗೆ ರೂ ದ ತುರೆನ್‌ನ ಬುಕ್‌ಬೈಂಡರ್ ಒಬ್ಬನ ಮನೆಯ ಒಲೆಯಲ್ಲಿ ಮನುಷ್ಯನ ಹಲ್ಲು ಸಿಕ್ಕ ತಲೆನೋವು. ಎರಡೂ ಒಂದೇ ಗಂಟಿನ ಎಳೆಗಳು ಎಂದು ಮೆಲ್ಲಗೆ ಗೊತ್ತಾಗುತ್ತದೆ. ಪೊಲೀಸರಿಗೆ ಆ ಟೋಪಿ ಬರೀ ಬಿಳಿ ಟೋಪಿ. ಮದಾಮ್‌ಗೆ ಅದರ ಹೊಲಿಗೆ, ಜಾಲರಿ, ಅದು ಎಂಥ ಅಂಗಡಿಯದಿರಬಹುದು ಎಂಬುದೆಲ್ಲ ಕಣ್ಣಿಗೆ ಕಟ್ಟಿದೆ. ಗಂಡನಿಗೆ ಹೇಳದೆ ಅಂಗಡಿ ಅಂಗಡಿ ಅಲೆದು ಅದನ್ನು ಪತ್ತೆಹಚ್ಚಿ ಬರುತ್ತಾಳೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಒಂದು ಸರದ ಕೇಸು. ಸೋಮವಾರ ರಾತ್ರಿ ಮನೆಗೆ ಕಳ್ಳ ನುಗ್ಗಿ ಸೊಸೆಯ ಎರಡೆಳೆ ಸರ ಕದ್ದನೆಂದು ಊರಿನ ಕುಳವೊಂದು ದೂರು ಕೊಟ್ಟಿತ್ತು. ಮನೆಗೆಲಸದ ಹುಡುಗನನ್ನು ಠಾಣೆಯಲ್ಲಿ ಕೂರಿಸಿದ್ದರು. ಊಟ ಬಡಿಸುತ್ತ ಅಮ್ಮ, "ಶುಕ್ರವಾರ ಕುಂಕುಮಕ್ಕೆ ಹೋದಾಗಲೇ ಆ ಹುಡುಗಿ ಕೊರಳಲ್ಲಿ ಸರ ಇರ್ಲಿಲ್ಲ. ಅಂಥ ಸೆಖೆಲೂ ಸೆರಗು ಕತ್ತಿನ ತನಕ ಎಳ್ಕೊಂಡು ಕೂತಿದ್ಲು ಕಣ್ರೀ" ಎಂದಳು. ಅಪ್ಪ ಉತ್ತರ ಕೊಡಲಿಲ್ಲ, ಇನ್ನೊಂದು ತುತ್ತು ಕಲಸಿದರು. ಮಾರನೆಯ ದಿನ ಸರ ಸಿಕ್ಕಿದ್ದು ಪಕ್ಕದೂರಿನ ಗಿರವಿ ಅಂಗಡಿಯಲ್ಲಿ; ಇಟ್ಟವನು ಆ ಮನೆಯ ಮಗನೇ, ಇಸ್ಪೀಟಿನ ಸಾಲಕ್ಕೆ. ಕೇಸ್ ಡೈರಿಯಲ್ಲಿ ಅಪ್ಪ 'ಖಚಿತ ಮಾಹಿತಿ ಮೇರೆಗೆ' ಎಂದು ಬರೆದರು. ಆ ಖಚಿತ ಮಾಹಿತಿ ಒಳಗೆ ಪಾತ್ರೆ ತೊಳೆಯುತ್ತಿತ್ತು.

ಬಾಗಿಲು ತೆಗೆಯುವ ಕೈಗೆ ಗೊತ್ತಿರುವಷ್ಟು ಊರಿನ ಸುದ್ದಿ ಲಾಠಿ ಹಿಡಿದ ಕೈಗೆ ಗೊತ್ತಿರುವುದಿಲ್ಲ ಎಂಬುದು ಸಿಮೆನಾನ್‌ಗೆ ತಿಳಿದಿತ್ತು. ಆದರೂ 75 ಕಾದಂಬರಿಗಳಲ್ಲಿ ಆಕೆಯನ್ನು ಇಷ್ಟು ದೂರ ಹೊರಗೆ ಬಿಟ್ಟದ್ದು ಅಪರೂಪವೇ. ಉಳಿದಂತೆ ಆಕೆಯ ಕೆಲಸ ಕಾಯುವುದು, ಬೇಯಿಸುವುದು. ಆಕೆಯ ಹೆಸರಿನಲ್ಲಿ 1974ರಲ್ಲಿ ಅಡುಗೆ ಪುಸ್ತಕವೂ ಬಂತು. ಬರೆದವರು ರೋಬೆರ್ ಕೂರ್ತಿನ್ ಎಂಬ ಆಹಾರ ವಿಮರ್ಶಕರು. ಇಷ್ಟು ನೆಮ್ಮದಿಯ ಸಂಸಾರ ಕಟ್ಟಿದ ಸಿಮೆನಾನ್‌ನ ಸ್ವಂತ ಸಂಸಾರಗಳೋ, ಒಂದಾದ ಮೇಲೊಂದು ಮುರಿದವು. ಮಗಳು 1978ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಮೇಗ್ರೆ ದಂಪತಿಗಳಿಗೆ ಮಕ್ಕಳಿಲ್ಲ. ಕ್ರಿಸ್‌ಮಸ್‌ನ ಒಂದು ಕಥೆಯಲ್ಲಿ ಎದುರುಮನೆಯ ತಾಯಿಯಿಲ್ಲದ ಹುಡುಗಿ ಕೊನೆಗೆ ಇವರ ಮನೆಗೆ ಬರುತ್ತಾಳೆ. ಆ ಪುಟಗಳನ್ನು ಓದುವಾಗ ಕೊಲೆಗಾರನ ಗೊಡವೆಯೇ ಮರೆತುಹೋಗುತ್ತದೆ.

ಮುಂಬಯಿಯ ಇನ್‌ಸ್ಪೆಕ್ಟರ್ ಘೋಟೆಯ ಹೆಂಡತಿ ಪ್ರೊತಿಮಾ ಬೇರೆ ಬಗೆ. ಎಚ್. ಆರ್. ಎಫ್. ಕೀಟಿಂಗ್ ಎಂಬ ಇಂಗ್ಲಿಷ್ ಲೇಖಕ ಭಾರತಕ್ಕೆ ಕಾಲಿಡುವ ಎಷ್ಟೋ ವರ್ಷ ಮೊದಲೇ, 1964ರಲ್ಲಿ, ಈ ಸಂಸಾರವನ್ನು ಇಂಗ್ಲೆಂಡಿನಲ್ಲಿ ಕೂತು ಹೂಡಿದ. ಪ್ರೊತಿಮಾ ಗಂಡನಿಗೆ ಎದುರಾಡುತ್ತಾಳೆ. ನೋಡದ ಊರಿನ ಬೀದಿಗಳನ್ನು ಹೇಗೋ ಊಹಿಸಿದ, ಸರಿ. ಹೊತ್ತಿಗೆ ಬಾರದ ಗಂಡನ ಮೇಲೆ ಹೆಂಡತಿಗೆ ಬರುವ ಸಿಟ್ಟನ್ನು ಊಹಿಸಲು ಎಲ್ಲಿಗೂ ಹೋಗಬೇಕಿಲ್ಲವಲ್ಲ.

ಅಪ್ಪ ನಿವೃತ್ತರಾದ ಮೇಲೆ ಇವರೆಲ್ಲರ ಕಥೆಗಳನ್ನು ಕನ್ನಡದಲ್ಲಿ ಹೇಳುವುದು ನನ್ನ ರಜೆಯ ಕೆಲಸವಾಯಿತು. ಅಪ್ಪನದು ಒಂದೇ ತಕರಾರು: "ಈ ಮೇಗ್ರೆಗೆ ಬಂದೋಬಸ್ತ್ ಡ್ಯೂಟಿ ಹಾಕೋರೇ ಇಲ್ವಾ?" ಅಮ್ಮನದು, "ಆ ಯಮ್ಮ ಒಂದ್ಸಲಾನೂ ಕೂಗಾಡಲ್ವಲ್ಲ, ಏನು ಕಾಯಿಲೆ?" ಸ್ವೀಡನ್ನಿನ ಮಾರ್ಟಿನ್ ಬೆಕ್‌ನ ಕಥೆ ಅವಳಿಗೆ ಹೆಚ್ಚು ಹಿಡಿಸಿತು. ಅವನ ಮನೆಯಲ್ಲಿ ಜಗಳ, ಮುನಿಸು, ಕೊನೆಗೆ ವಿಚ್ಛೇದನ. ಅದನ್ನು ಬರೆದವರು ಮಾಯ್ ಶೋವಾಲ್, ಪೆರ್ ವಾಲೂ ಎಂಬ ಜೋಡಿ. 1965ರಿಂದ 1975ರವರೆಗೆ ಹತ್ತು ಕಾದಂಬರಿ. ರಾತ್ರಿ ಮಕ್ಕಳನ್ನು ಮಲಗಿಸಿ, ಒಂದು ಅಧ್ಯಾಯ ಅವಳು, ಒಂದು ಅಧ್ಯಾಯ ಅವನು ಹಂಚಿಕೊಂಡು ಬರೆಯುತ್ತಿದ್ದರು ಎಂದೆ.

"ಬರೀಲಿ," ಎಂದಳು ಅಮ್ಮ, ಹುರುಳಿಕಾಯಿ ನಾರು ತೆಗೆಯುತ್ತ. "ಬೆಳಿಗ್ಗೆ ಆ ಮಕ್ಕಳನ್ನ ಎಬ್ಬಿಸಿ ಸ್ಕೂಲಿಗೆ ಕಳಿಸ್ತಿದ್ದೋರು ಯಾರು?"

"ಅದೂ ಸರದಿ ಮೇಲೆ ಇರ್ಬೇಕು ಬಿಡೇ," ಎಂದರು ಅಪ್ಪ ಪೇಪರಿನ ಹಿಂದಿನಿಂದ. ಅಮ್ಮ ಹುರುಳಿಕಾಯಿಯ ಮೊರವನ್ನು ಎತ್ತಿ ಅವರ ತೊಡೆಯ ಮೇಲಿಟ್ಟಳು.