ಸ್ಪ್ಯಾನಿಷ್ ಡ್ಯಾನ್ಸರ್ ಯಾಕೆ ಕುಣಿಯುತ್ತೆ?

‘ಸ್ಪ್ಯಾನಿಷ್ ಡ್ಯಾನ್ಸರ್’ ಅಂದಾಕ್ಷಣ ಕೆಂಪು ಲಂಗದ ಚೆಲುವೆಯನ್ನು ಕಲ್ಪಿಸಿಕೊಂಡಿರೇನೋ... ಕ್ಷಮಿಸಿ, ನಾನು ಹೇಳಹೊರಟಿದ್ದು ಚಿಪ್ಪಿಲ್ಲದ ಒಂದು ಕಡಲ ಬಸವನಹುಳುವಿನ ಬಗ್ಗೆ. ಮಳೆಗಾಲದಲ್ಲಿ ಹಿತ್ತಲ ಗೋಡೆ ಮೇಲೆ ಹರಿಯುವ ಲೋಳೆ ಪ್ರಾಣಿಯನ್ನು ನೆನೆದು ಮುಖ ಸಿಂಡರಿಸಬೇಡಿ. ಇದು ದಾಸವಾಳದಂಥ ಕೆಂಪು, 40 ಸೆಂ.ಮೀ. ತನಕ ಬೆಳೆಯಬಲ್ಲದು. ಕೆಂಪು ಸಮುದ್ರದಿಂದ ಹವಾಯಿವರೆಗಿನ ಬೆಚ್ಚನೆಯ ಹವಳದ ದಿಬ್ಬಗಳಲ್ಲಿ ವಾಸ. ವೈಜ್ಞಾನಿಕ ಹೆಸರು ಹೆಕ್ಸಾಬ್ರಾಂಕಸ್ ಸ್ಯಾಂಗ್ವಿನಿಯಸ್. ಹೆಕ್ಸಾಬ್ರಾಂಕಸ್ ಅಂದರೆ ಆರು ಕಿವಿರಿನದು ಅಂತ.

ತಮಾಷೆ ಏನು ಗೊತ್ತಾ? ಅದರ ಕಣ್ಣಿಗೆ ಬೆಳಕು-ಕತ್ತಲೆ ಬಿಟ್ಟು ಹೆಚ್ಚೇನೂ ತಿಳಿಯದು. ಇಷ್ಟೆಲ್ಲ ಬಣ್ಣ ಅದಕ್ಕೇ ಕಾಣುವುದಿಲ್ಲ! ಮೈಯಲ್ಲಿರುವ ವಿಷವೂ ಸ್ವಂತದ್ದಲ್ಲ, ತಿನ್ನುವ ಸ್ಪಂಜುಗಳಿಂದ ಎತ್ತಿಕೊಂಡದ್ದು. (ಬೇರೆಯವರ ಕೋಡು ಕಾಪಿ ಹೊಡೆದು ಪ್ರಾಜೆಕ್ಟು ಉಳಿಸಿಕೊಳ್ಳುವ ನಮಗೆ ಇದೇನು ಹೊಸದಲ್ಲ ಬಿಡಿ.)

ನನಗೆ ತುಂಬಾ ಹಿಡಿಸಿದ್ದು ಮೊಟ್ಟೆಯ ಕಥೆ. ಗುಲಾಬಿ ಹೂವಿನ ಹಾಗೆ ಸುತ್ತಿದ ಕೆಂಪು ರಿಬ್ಬನ್ನಿನಲ್ಲಿ ಮೊಟ್ಟೆಗಳನ್ನಿಟ್ಟು ಬಂಡೆಗೆ ಅಂಟಿಸಿ ಹೊರಟುಬಿಡುತ್ತದೆ. ಗೂಡಿಲ್ಲ, ಕಾವಲಿಲ್ಲ. ಆದರೆ ಬಿಟ್ಟುಹೋಗುವಾಗ ಆ ವಿಷವನ್ನೂ ರಿಬ್ಬನ್ನಿನೊಳಗೆ ಸೇರಿಸಿರುತ್ತದೆ. 1986ರಲ್ಲಿ ಜಪಾನಿನ ವಿಜ್ಞಾನಿಗಳು ಕಡಲ ಹುಳುವಿನ ಇಂಥ ಮೊಟ್ಟೆಗಳಿಂದಲೇ ‘ಕಬಿರಮೈಡ್ ಸಿ’ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಇಶಿಗಾಕಿ ದ್ವೀಪದ ಕಬಿರಾ ಕೊಲ್ಲಿಯಿಂದ ಬಂದ ಹೆಸರು ಅದು. ಈ ಜಾತಿಯ ವಿಷಗಳನ್ನು ಬೆರೆಸಿದ ಆಹಾರವನ್ನು ಮೀನುಗಳು ಒಲ್ಲೆ ಎನ್ನುತ್ತವೆ ಎಂದು 1988ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಹಾಗಾದರೆ ಮೊಟ್ಟೆಗಳು ಸೇಫಾ? ಎಲ್ಲಿಂದ! ಫೇವರೈನಸ್ ಎಂಬ ಇದರದೇ ದೂರದ ನೆಂಟರು, ಗಾತ್ರದಲ್ಲಿ ಪುಟಾಣಿಗಳು, ಬಂದು ಆ ಮೊಟ್ಟೆಗಳನ್ನೇ ಮೇಯುತ್ತವೆ. ಮೀನಿಗೆ ಹಾಕಿದ ಬೀಗ ನೆಂಟರ ಲೆಕ್ಕಕ್ಕಿಲ್ಲ.

ಇನ್ನು ಕುಣಿತ. ಸುಮ್ಮನೆ ತೆವಳುವಾಗ ಇದು ಮೈಯಂಚನ್ನು ಸುರುಳಿ ಸುತ್ತಿಕೊಂಡಿರುತ್ತದೆ. ಕೆಣಕಿದರೆ ಅಂಚು ಬಿಚ್ಚಿ, ಫ್ಲಮೆಂಕೋ ಲಂಗದಂತೆ ಅಲೆಅಲೆಯಾಗಿ ಬೀಸುತ್ತಾ ಈಜಿ ಪಾರಾಗಲು ನೋಡುತ್ತದೆ. ಮೊನ್ನೆ ನೋಡಿದ ಒಂದು ವಿಡಿಯೋದಲ್ಲಿ ಕೈಗವಸು ತೊಟ್ಟ ಕೈಯೊಂದು ಅದನ್ನು ಬಂಡೆಯಿಂದ ಕಿತ್ತು ನೀರಿಗೆ ಬಿಟ್ಟಿತು. ಅದು ಜೀವ ಕೈಲಿ ಹಿಡಿದು ಒದ್ದಾಡುತ್ತಿದ್ದರೆ ಹಿನ್ನೆಲೆಯಲ್ಲಿ ಗಿಟಾರ್ ಬೇರೆ! ಮೀನನ್ನು ಓಡಿಸುವ ವಿಷ ಕ್ಯಾಮೆರಾದವರ ಮುಂದೆ ಏನೂ ಮಾಡಲಾರದು. ಯಾಕೋ ಪೂರ್ತಿ ನೋಡಲಾಗಲಿಲ್ಲ.

ಗೆಳೆಯನೊಬ್ಬ ಡೈವಿಂಗ್ ಮಾಡಲು ಅಂಡಮಾನಿಗೆ ಹೊರಟಿದ್ದಾನೆ. “ಕಂಡರೆ ಮುಟ್ಟದೆ ಒಂದು ಫೋಟೋ ತೆಗೆದು ಕಳಿಸೋ ಮಾರಾಯ, ಲಂಗ ಸುತ್ತಿಕೊಂಡು ಕೂತಿದ್ದರೂ ಪರವಾಗಿಲ್ಲ” ಅಂದಿದ್ದೇನೆ.