ಹಾಜರಿ ಪುಸ್ತಕದೊಳಗಿನ ಸೂರು

ಹೊರದೇಶದಲ್ಲಿ ದುಡಿಯುವ ನಮ್ಮಂಥವರಿಗೆ ಜನವರಿ ಒಂದು ಹಬ್ಬವೂ ಹೌದು, ಲೆಕ್ಕ ತೆಗೆಯುವ ದಿನವೂ ಹೌದು. ಆರ್ಥಿಕ ಹಿಂಜರಿತದ ಗಾಳಿ ಬೀಸುತ್ತಿರುವ ವರ್ಷವಾದರೆ ಶುಭಾಶಯದ ಬೆನ್ನಿಗೇ ವೀಸಾ ಮುಗಿಯುವ ತಾರೀಖು ನೆನಪಾಗುತ್ತದೆ. ಅಮೆರಿಕದಲ್ಲಿ ಎಚ್‌-1ಬಿ ವೀಸಾದ ಮೇಲಿರುವವರ ಕೆಲಸ ಹೋದರೆ ಇನ್ನೊಂದು ಕೆಲಸವನ್ನೋ ಇನ್ನೊಂದು ದಾರಿಯನ್ನೋ ಹುಡುಕಿಕೊಳ್ಳಲು, 2017ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಸಿಗುವುದು ಹೆಚ್ಚೆಂದರೆ 60 ದಿನ. ಕೊಲ್ಲಿ ದೇಶಗಳಲ್ಲಿ ವಾಸದ ಪರವಾನಗಿ ಬಹುಮಟ್ಟಿಗೆ ಕೆಲಸ ಕೊಟ್ಟವನ ಕೈಯಲ್ಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ಊರಿನವರು ಹೇಳುವ ಮಾತು ಒಂದೇ: ‘ಅಷ್ಟು ಕಷ್ಟ ಯಾಕಪ್ಪಾ, ಬಂದ್ಬಿಡಿ.’ ಅದು ಪ್ರೀತಿಯ ಮಾತು, ತಪ್ಪು ಹುಡುಕುವಂತಿಲ್ಲ. ಆದರೆ ವಲಸೆ ಹೋದವನಿಗೆ ಹಿಂದಿರುಗುವ ಜಾಗವೊಂದು ಸದಾ ಕಾದಿರುತ್ತದೆ ಎಂದು ಅದು ನಂಬಿಕೊಂಡಿದೆ. ಹಿಂಜರಿತ ಮನುಷ್ಯನನ್ನು ಮುರಿಯುವುದು ಸಂಬಳ ನಿಲ್ಲಿಸಿ ಅಲ್ಲ. ಸಂಬಳದ ಜತೆಗೇ ಸೂರನ್ನೂ ಕಿತ್ತುಕೊಂಡು. ಈ ಮಾತಿಗೆ ಸಾಕ್ಷಿ ಬೇಕಾದರೆ ನ್ಯೂಜೆರ್ಸಿಗೋ ದುಬೈಗೋ ಹೋಗಬೇಕಿಲ್ಲ, ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಕೋಲಾರದ ಚಿನ್ನದ ಗಣಿಯೂರಾದ ಕೆಜಿಎಫ್‌ಗೆ ಹೋದರೆ ಸಾಕು.

ಕೆಜಿಎಫ್ ಎಂಬ ಊರು ಹುಟ್ಟಿದ್ದರಲ್ಲೇ ಪರದೇಶದ ಹಿಂಜರಿತದ ಪಾಲಿದೆ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ 1866ರಲ್ಲಿ ತಾಮ್ರದ ಬೆಲೆ ಕುಸಿಯಿತು, ಮುಂದಿನ ದಶಕದಲ್ಲಿ ತವರವೂ ಅದೇ ಹಾದಿ ಹಿಡಿಯಿತು. ಕೆಲಸ ಕಳೆದುಕೊಂಡ ಗಣಿಗಾರರು ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಎಂದು ಚದುರಿದರು. ಇತ್ತ ಕೋಲಾರದಲ್ಲಿ ಲ್ಯಾವೆಲ್ ಎಂಬ ಮಾಜಿ ಸೈನಿಕ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಕಾರ್ನ್‌ವಾಲ್‌ನ ಗಣಿಗಳ ನಂಟು ಮೊದಲೇ ಇದ್ದ ಆ ಕಂಪನಿ ಅಲ್ಲಿನವರನ್ನೇ ಕರೆತಂದದ್ದು ಸಹಜ. ಅದೇ ಕಾಲಕ್ಕೆ 1876–78ರ ಭೀಕರ ಬರ ದಕ್ಷಿಣ ಭಾರತವನ್ನು ಹುರಿದು ಹಾಕಿತ್ತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯ ಭೂಮಿಯಿಲ್ಲದ ಜನ, ಅವರಲ್ಲಿ ಬಹುಪಾಲು ದಲಿತರು, ಗಣಿಯ ದಾರಿ ಹಿಡಿದರು. ಒಂದೇ ಶಾಫ್ಟಿನೊಳಗೆ ಎರಡು ಕುಸಿತಗಳು ಇಳಿದವು ಎನ್ನಬೇಕು. ಒಬ್ಬರಿಗೆ ಬಂಗಲೆ, ಕ್ಲಬ್ಬು. ಇನ್ನೊಬ್ಬರಿಗೆ ಬಿದಿರ ತಟ್ಟಿಯ ಗುಡಿಸಲು. ಈ ಅಂತರ ಎಲ್ಲರಿಗೂ ಗೊತ್ತಿರುವುದೇ. ನನಗೆ ಮುಖ್ಯವೆನಿಸುವ ಅಂತರ ಬೇರೆ. ಕಾರ್ನ್‌ವಾಲ್‌ನವನಿಗೆ ಒಪ್ಪಂದ ಮುಗಿದರೆ ಹಡಗು ಹತ್ತಲು ಒಂದು ಊರಿತ್ತು. ಅವನ ಸಂಬಳದ ಒಂದು ಪಾಲು ಅಲ್ಲಿಗೆ ಹೋಗಿ ಆ ಊರನ್ನು ಉಳಿಸಿಕೊಂಡಿತ್ತು. ತಟ್ಟಿಯ ಮನೆಯವನು ಬಂದದ್ದೇ ಊರು ಬಿಟ್ಟುಕೊಟ್ಟು. ಮುಂದೆ ತಟ್ಟಿ ಹೋಗಿ ಸಾಲುಮನೆಗಳ ‘ಲೈನು’ ಬಂದಾಗಲೂ ಆ ಸೂರು ಕಂಪನಿಯದೇ. ಹೆಸರು ಹಾಜರಿ ಪುಸ್ತಕದಲ್ಲಿ ಇರುವ ತನಕ ಮನೆ.

ಚಿನ್ನದ ಊರಿಗೆ ಹಿಂಜರಿತದ ಭಯವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಲೋಕ ಮುಳುಗಿದಾಗ ತೇಲುವ ಸರಕು ಚಿನ್ನ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ನಾಣ್ಯದ ಮೌಲ್ಯವನ್ನು ಚಿನ್ನಕ್ಕೆ ಕಟ್ಟಿಹಾಕಿದ್ದ ಪದ್ಧತಿಯನ್ನು ಕೈಬಿಟ್ಟಿತು. 1934ರಲ್ಲಿ ಅಮೆರಿಕ ಔನ್ಸಿನ ಬೆಲೆಯನ್ನು 20.67 ಡಾಲರಿನಿಂದ 35ಕ್ಕೆ ಏರಿಸಿತು. ಜಗತ್ತಿನ ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದಾಗ ಕೋಲಾರದ ಚಿನ್ನಕ್ಕೆ ಬೆಲೆ ಏರಿತು. ಆದರೆ ಬೆಲೆ ಏರಿದ ಮಾತ್ರಕ್ಕೆ ಭದ್ರತೆ ಬರುವುದಿಲ್ಲ. ಗಣಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸುವ ಕಂಪನಿಯ ಕ್ರಮದ ವಿರುದ್ಧ 1930ರಲ್ಲಿ ಸಾವಿರಾರು ಜನ ವಾರಗಟ್ಟಲೆ ಮುಷ್ಕರ ಹೂಡಿದ್ದರು. (ಇಂದು ನಾವು ಕಾನ್ಸುಲೇಟಿನ ಕಿಟಕಿಯಲ್ಲಿ ಹತ್ತೂ ಬೆರಳು ಒತ್ತಿ, ಥ್ಯಾಂಕ್ಯೂ ಹೇಳಿ ಬರುತ್ತೇವೆ.) ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಚಿನ್ನ 2001ರ ಹೊತ್ತಿಗೆ 270ರ ಆಸುಪಾಸಿಗೆ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಏಳೇ ವರ್ಷಕ್ಕೆ, 2008ರ ಹಿಂಜರಿತದ ಹೊತ್ತಿನಲ್ಲಿ, ಅದೇ ಚಿನ್ನ ಸಾವಿರ ಡಾಲರ್ ದಾಟಿತು. ಇನ್ನಷ್ಟು ದಿನ ಕಾದಿದ್ದರೆ ಗಣಿ ಉಳಿಯುತ್ತಿತ್ತು ಎನ್ನುವವರ ಜತೆ ನಾನು ದನಿಗೂಡಿಸಲಾರೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ನೀರೆತ್ತಬೇಕು, ಕಾದ ಬಂಡೆಯ ನಡುವೆ ತಂಪು ಗಾಳಿ ಊದಬೇಕು. ಮೇಲೆ ಬರುವ ಅದಿರಿನಲ್ಲಿ ಚಿನ್ನದ ಅಂಶ ಮೊದಲಿನದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಗಣಿ ಮುಚ್ಚಲು ಕಾರಣಗಳಿದ್ದವು. ಗಣಿಯ ಜತೆ ಮನೆಯೂ ಮುಚ್ಚಬೇಕೆನ್ನಲು ಮಾತ್ರ ಯಾವ ಕಾರಣವೂ ಇರಲಿಲ್ಲ.

ಅಷ್ಟರಲ್ಲಿ ಹೋಗಬಲ್ಲವರು ಹೋಗಿದ್ದರು. ಬ್ರಿಟಿಷರು ರಾಷ್ಟ್ರೀಕರಣದ ಸುತ್ತಮುತ್ತ ಹೊರಟರು. ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯ ಸೇರಿದವು. ಕಾರ್ನ್‌ವಾಲ್‌ನವರೂ ಕಷ್ಟಪಟ್ಟರು, ಕಲ್ಲಿನ ಧೂಳು ಅವರ ಎದೆಯನ್ನೂ ತಿಂದಿತು, ಗಣಿಯೂರಿನ ಸ್ಮಶಾನದಲ್ಲಿ ಅವರ ಗೋರಿಗಳೂ ಇವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಧೂಳಿಗೆ ಬಣ್ಣದ ಭೇದವಿಲ್ಲ. ಆದರೆ ಹೊರಡುವ ದಿನ ಬಂದಾಗ ಭೇದ ಎದ್ದು ಕಂಡಿತು. ಲೈನಿನವರಿಗೆ ‘ಬಂದ್ಬಿಡಿ’ ಎನ್ನಲು ಆರ್ಕಾಟಿನಲ್ಲಿ ಯಾರಿದ್ದರು? ಮುತ್ತಾತನಿಗೇ ಇಲ್ಲದ ಹೊಲ ಮೂರನೇ ತಲೆಮಾರಿಗೆ ಎಲ್ಲಿಂದ ಬರಬೇಕು? ಹಾಗಾಗಿ ಅವರು ಹೊಸದೊಂದು ಕೆಲಸ ಮಾಡಿದರು: ಎದ್ದು ಹೋಗಲಿಲ್ಲ. ಕೆಲಸ ಹೋದರೂ ಲೈನುಮನೆ ಬಿಡಲಿಲ್ಲ. ಅದನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ವರ್ಷಗಟ್ಟಲೆ ಕೇಳಿದರು. ಯಂತ್ರ, ಕಲ್ಲಿದ್ದಲು ಸಾಗಿಸಲೆಂದು 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ಹಾಕಿದ ರೈಲು ಹಳಿ ಈಗ ಅವರ ಬದುಕಿನ ಹಳಿಯಾಯಿತು. ಬೆಳಕು ಹರಿಯುವ ಮುಂಚೆ ಊರಿಗಾಂ, ಚಾಂಪಿಯನ್, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಅಂಗಡಿ, ಆಸ್ಪತ್ರೆ, ಕಟ್ಟಡ, ಕಚೇರಿಗಳಲ್ಲಿ ದುಡಿದು ಕತ್ತಲಾದ ಮೇಲೆ ಮರಳುವುದು.

ಸಾಫ್ಟ್‌ವೇರ್ ಎಂಜಿನಿಯರನನ್ನು ಗಣಿ ಕಾರ್ಮಿಕನ ಪಕ್ಕ ನಿಲ್ಲಿಸುವುದು ಅತಿಯಾಯಿತು ಎನ್ನಬಹುದು. ಸಂಬಳ, ಓದು, ಉಳಿತಾಯ, ಜಾತಿಯ ಬಲ ಯಾವುದರಲ್ಲೂ ಹೋಲಿಕೆಯಿಲ್ಲ, ಒಪ್ಪಿದೆ. ದಿನದ ನಾಲ್ಕಾರು ಗಂಟೆ ರೈಲಿಗೆ ಸುರಿಯುವ ಬಾಳನ್ನು ಗೆಲುವೆಂದು ಹೊಗಳುವಷ್ಟು ಕಲ್ಲೆದೆ ನನಗಿಲ್ಲ. ಗಣಿ ಮುಚ್ಚುವಾಗ ಬೇರೆ ಉದ್ಯೋಗ ಕಟ್ಟಿಕೊಡದವರ ತಪ್ಪನ್ನು ಅದು ಮುಚ್ಚುವುದೂ ಇಲ್ಲ. ಆದರೂ ಒಂದು ವಿಷಯದಲ್ಲಿ ಲೈನಿನವರ ಕೈ ಮೇಲಾಗಿತ್ತು. 2001ರ ಮಾರ್ಚ್ ಒಂದರಂದು ಅವರ ಹೆಸರು ಹಾಜರಿ ಪುಸ್ತಕದಿಂದ ಹೋಯಿತು, ದೇಶದ ಲೆಕ್ಕದಿಂದ ಹೋಗಲಿಲ್ಲ. ಅರವತ್ತು ದಿನ ಕಳೆದ ಮೇಲೆ ಅವರನ್ನು ಬಂಗಾರಪೇಟೆಯ ಆಚೆಗೆ ದಾಟಿಸುವ ಕಾಯಿದೆ ಯಾರ ಕೈಯಲ್ಲೂ ಇರಲಿಲ್ಲ. ಕುಳಿತು ಯೋಚಿಸಲು, ಜಗಳವಾಡಲು, ಮಕ್ಕಳ ಶಾಲೆ ಬಿಡಿಸದೆ ಇನ್ನೊಂದು ಕೆಲಸ ಹುಡುಕಲು ಅವರಿಗೆ ನೆಲವಿತ್ತು. ಸಾಲದ ಮೇಲೆ ಮನೆ ಕೊಂಡು, ಅಲ್ಲೇ ಹುಟ್ಟಿದ ಮಕ್ಕಳನ್ನು ಅಲ್ಲೇ ಶಾಲೆಗೆ ಹಾಕಿ, ವೀಸಾ ನವೀಕರಣಕ್ಕೆ ಕಾಯುತ್ತಿರುವ ಕನ್ನಡಿಗನ ಹತ್ತಿರ ಉಳಿದದ್ದೆಲ್ಲ ಇದ್ದೀತು, ಅದೊಂದು ಇಲ್ಲ.